ಗುಡ್ಡದ ಬುಡದ ಒದ್ದೆ ನೆಲ

ಶಶಿ, ಆ ಸಾಲನ್ನು ನೀನು ಬರೆದಿದ್ದೆ. ಬರೆಯಲು ಮರೆತಿರಲಿಲ್ಲ. ಬರೆದದ್ದನ್ನು ಬೇಕೆಂದೇ ಬಿಟ್ಟವಳು ನಾನು — ಬಿಟ್ಟು, ಆಮೇಲೆ ಅಂಥದ್ದೇನೂ ಇರಲೇ ಇಲ್ಲ ಎಂದು ನಿನ್ನ ಮುಖ ನೋಡಿಕೊಂಡೇ ಹೇಳಿದವಳೂ ನಾನೇ.

ಸುತ್ತಿಬಳಸಿ ಮಾತಾಡುವ ಜಾಯಮಾನ ನನ್ನದಲ್ಲ, ನಿನಗೆ ಗೊತ್ತು. ಆದರೆ ಈ ಕಾಗದವನ್ನು ನಿನ್ನ ಗಂಡನೂ ಓದಬೇಕು. ಸ್ಟವ್ ಆರಿಸಿದ್ದೀಯೋ ಇಲ್ಲವೋ ಎಂದು ನೀನು ಮೂರು ಮೂರು ಸಲ ಹೋಗಿ ನೋಡುವುದನ್ನು ಹೇಳಿಕೊಂಡು ನಗುತ್ತಾನಲ್ಲ, ಅವನು ಓದಲೇಬೇಕು. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ.

ಕಲ್ಲಿದ್ದಲಿಗಾಗಿ ಗುಡ್ಡ ಅಗೆಯುವ ಕಂಪನಿ, ಅಗೆಯುವ ಮೊದಲೇ ಸರ್ಕಾರದ ಬಳಿ ಹಣದ ಠೇವಣಿಯಾಗಿ ಒಂದು ಬಾಂಡ್ ಇಡಬೇಕು. ಮತ್ತೆ ಮಣ್ಣು ತುಂಬಿ, ಹುಲ್ಲು ಬೆಳೆಸಿ, ಕೆಳಗೆ ಹರಿಯುವ ನೀರು ಚೊಕ್ಕಟವಾಗಿದೆ ಎಂದು ತೋರಿಸುವವರೆಗೆ ಅದು ಬಿಡುಗಡೆಯಾಗುವುದಿಲ್ಲ. ಕಂಪನಿ ಕೈಯೆತ್ತಿದರೆ ಆ ಹಣದಲ್ಲೇ ಸರ್ಕಾರ ನೆಲ ಸರಿಮಾಡಿಸುತ್ತದೆ. ಒಮ್ಮೆ ಬಿಡುಗಡೆಯಾಯಿತೋ, ಕೆಳಗಿರುವವರ ಪಾಡು ಅವರದೇ. ಕಂಪನಿಯವರು ಕೊಟ್ಟ ಗುತ್ತಿಗೆಯ ಮೇಲೆ, ಎಲ್ಲ ಸರಿಯಿದೆಯೇ ಎಂದು ನೋಡಿ ವರದಿ ಬರೆಯುವುದು ನಮ್ಮ ಆಫೀಸಿನ ಕೆಲಸವಾಗಿತ್ತು. ನೀನು ಗುಡ್ಡ ಹತ್ತಿ ನೋಡುತ್ತಿದ್ದೆ, ನಾನು ಸೆಂಟರ್‌ವಿಲ್ ಊರಿನ ಆಫೀಸಿನಲ್ಲಿ ಕೂತು ಬರೆಯುತ್ತಿದ್ದೆ.

2002ರಲ್ಲಿ ನೀನು ಮೈಸೂರಿನಿಂದ ಅಮೆರಿಕಕ್ಕೆ ಬಂದು ವರ್ಷವೂ ಆಗಿರಲಿಲ್ಲ. ಚಳಿಗಾಳಿಯಲ್ಲಿ ನಿಂತು ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆಯಲು ತಡವಾಗುತ್ತದೆ ಎಂದೆ ನೀನು. "ಕನ್ನಡದಲ್ಲೇ ಗೀಚ್ಕೊಂಡು ಬಾರೇ, ನಾನು ಟೈಪ್ ಮಾಡ್ಕೋತೀನಿ" ಎಂದೆ ನಾನು. ನಿನಗೆ ಎಷ್ಟು ಖುಷಿಯಾಗಿತ್ತು! ಬಾಸ್ ನಿನ್ನ ಪುಸ್ತಕ ತಿರುವಿಹಾಕಿ, ಹೂಬಳ್ಳಿ ಬಿಡಿಸಿದ್ದೀಯಾ ಎಂದು ಕೇಳಿದಾಗ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದೆವು. ಇಡೀ ಆಫೀಸಿನಲ್ಲಿ ನಿನ್ನ ಅಕ್ಷರ ಓದಬಲ್ಲವಳು ನಾನೊಬ್ಬಳೇ ಆಗಿದ್ದೆ.

ಆ ಬೇಸಿಗೆಯಲ್ಲಿ ನೀನು ವರ್ಜೀನಿಯಾದ ಗಣಿಗಳಿರುವ ಮೂಲೆಯಲ್ಲಿ ಒಂದೇ ವಾರ ಮೂರು ಗುಡ್ಡ ನೋಡಿ ಬಂದೆ. ಎರಡನೆಯದರ ಪುಟದ ಕೊನೆಗೆ ಹೀಗೆ ಬರೆದಿದ್ದೆ: 'ಬುಡದಲ್ಲಿ ಒದ್ದೆ. ನೀರು ತುಕ್ಕಿನ ಬಣ್ಣ. ಕೆಳಗೊಂದು ಮನೆ ಇದೆ. ಮಳೆ ಬಿದ್ದ ಮೇಲೆ ಮತ್ತೆ ನೋಡಬೇಕು.' ಆ ಮನೆ ಎಲ್ವಿನ್ ಎಂಬ ಮುದುಕನದು. ಗುಡ್ಡದ ಒರತೆಗೆ ಪೈಪ್ ಹಾಕಿಕೊಂಡು ಅದನ್ನೇ ಕುಡಿಯುತ್ತಿದ್ದ.

ನಾನು ಆ ಸಾಲನ್ನು ಎರಡು ಸಲ ಓದಿದೆ. ವರದಿಗೆ ಸೇರಿಸಿದರೆ ಬಾಂಡ್ ಮುಂದಿನ ವಸಂತದ ಮಳೆ ದಾಟುವವರೆಗೆ ನಿಲ್ಲುತ್ತಿತ್ತು, ಕಂಪನಿಯವರು ಮುಂದಿನ ಕೆಲಸವನ್ನು ಬೇರೆಯವರಿಗೆ ಕೊಡುತ್ತಿದ್ದರು. ಯಾರೂ ನನ್ನನ್ನು ಬಲವಂತ ಮಾಡಲಿಲ್ಲ, ಯಾರೂ ಹೆದರಿಸಲಿಲ್ಲ. ಬೇಸಿಗೆಯಲ್ಲಿ ಅಂಗೈಯಗಲದ ಒದ್ದೆ, ಅದೇನು ಮಹಾ — ನನ್ನ ಅನುಭವದ ಮುಂದೆ ನಿನ್ನೆ ಮೊನ್ನೆ ಬಂದವಳ ಕಣ್ಣು ಯಾವ ಲೆಕ್ಕ — ಹಾಗಂದುಕೊಂಡೆ. ಮುಂದಿನ ಪುಟಕ್ಕೆ ಹೋದೆ.

ಬಾಂಡ್ ಬಿಡುಗಡೆಯಾಯಿತು. ಮಾರ್ಚ್‌ನಲ್ಲಿ ಎಲ್ವಿನ್‌ನ ನಲ್ಲಿಯಲ್ಲಿ ಕೆಂಪು ನೀರು ಬಂತು. ಅಷ್ಟರಲ್ಲಿ ಕಂಪನಿ ಬಾಗಿಲು ಹಾಕಿಕೊಂಡಿತ್ತು. ಮುದುಕ ದೂರು ಕೊಟ್ಟ. ಸರ್ಕಾರದವರು ನಮ್ಮನ್ನು ಕೇಳಿದರು, ಬಾಸ್ ನನ್ನನ್ನು ಕರೆಸಿ ಕೇಳಿದ: ಸ್ಥಳಕ್ಕೆ ಹೋದವಳು ಇದನ್ನು ನೋಡಿರಲಿಲ್ಲವೇ? ಅವಳ ಟಿಪ್ಪಣಿಯಲ್ಲಿ ಇಲ್ಲ, ಎಂದೆ. ನಾಲಿಗೆ ಒಂದಿಷ್ಟೂ ತೊದಲಲಿಲ್ಲ.

ಅವತ್ತು ನೀನು ನನ್ನ ಮೇಜಿನ ಹತ್ತಿರ ಬಂದೆ.

"ಅಕ್ಕ, ನಾನು ಬರ್ದಿದ್ದೆ ಅನ್ಸುತ್ತೆ. ಆ ನೋಟ್‌ಬುಕ್ ಒಂದ್ಸಲ ಕೊಡ್ತೀರಾ, ಚೆಕ್ ಮಾಡ್ತೀನಿ."

"ನಾನೇ ನೋಡಿದೆ ಕಣೇ. ನೀನು ಹೇಳ್ತಿರೋದು ಮೂರನೇ ಗುಡ್ಡ. ಕನ್‌ಫ್ಯೂಸ್ ಮಾಡ್ಕೊಂಡಿದ್ದೀಯಾ. ಆಗುತ್ತೆ ಬಿಡು, ಹೊಸಬರಿಗೆ ಆಗುತ್ತೆ."

ನೋಟ್‌ಬುಕ್ ನನ್ನ ಕಾಲ ಬಳಿಯ ಬ್ಯಾಗಿನಲ್ಲೇ ಇತ್ತು. ನೀನು "ಸಾರಿ ಅಕ್ಕ, ನನ್ನಿಂದ ನಿಮಗೂ ಕೆಟ್ಟ ಹೆಸರು ಬಂತು" ಎಂದೆ. ನನ್ನ ತಪ್ಪಿಗೆ ನೀನು ನನ್ನ ಕ್ಷಮೆ ಕೇಳಿದೆ. ನಾನು ನಿನ್ನ ಬೆನ್ನು ಸವರಿದೆ.

ನಿನ್ನನ್ನು ತೆಗೆದರು. ಕೆಲಸ ಹೋದರೆ ವೀಸಾ ಹೋಗುತ್ತದೆಂದು ಗಾಬರಿಬಿದ್ದು, ಸಿಕ್ಕಿದ್ದೇ ಸಾಕೆಂದು ಪಕ್ಕದ ರಾಜ್ಯದ ರಾಲಿ ಊರಿಗೆ ಹೋದೆ. ಅಲ್ಲಿ ನೀರು ಪರೀಕ್ಷಿಸುವ ಒಂದು ಲ್ಯಾಬಿನಲ್ಲಿ ಬೇರೆಯವರು ತಂದುಕೊಟ್ಟ ಅಂಕಿ ತುಂಬಿಸುತ್ತಾ ಕೂತೆ. ಪ್ರತಿ ದೀಪಾವಳಿಗೂ ನನಗೆ ಫೋನ್ ಮಾಡುತ್ತಿದ್ದೆ. ನಾನೂ ಚೆನ್ನಾಗಿ ಮಾತಾಡುತ್ತಿದ್ದೆ, ನಾಚಿಕೆಯಿಲ್ಲದವಳು.

ಹೋದ ವಾರ ನೀನು ಹೇಳದಿದ್ದರೆ ಇನ್ನೂ ಎಷ್ಟು ವರ್ಷ ಹೀಗೇ ಇರುತ್ತಿದ್ದೆನೋ. ಲ್ಯಾಬಿನವರು ನಿನ್ನನ್ನೇ ಹೊರಗಿನ ಕೆಲಸಕ್ಕೆ, ಹೊಳೆ ನೀರಿನ ತಪಾಸಣೆಗೆ ಹಾಕುತ್ತೇವೆ ಎಂದರಂತೆ. "ಬೇಡ ಅಂತೀನಿ ಅಕ್ಕ. ನನ್ನ ಕಣ್ಣಿನ ಮೇಲೆ ನಂಗೇ ನಂಬಿಕೆ ಇಲ್ಲ" ಎಂದೆ. ಕೆಲಸ ಕಿತ್ತುಕೊಂಡೆ ಎಂದಷ್ಟೇ ಇಲ್ಲಿಯವರೆಗೆ ತಿಳಿದಿದ್ದೆ, ಶಶಿ. ನಾನು ಕಿತ್ತುಕೊಂಡದ್ದು —

ಇರಲಿ. ಅದನ್ನು ನಾನು ಚಂದ ಮಾಡಿ ಬರೆಯಬಾರದು.

ನಾನು ಮಾಡಿರುವುದು ಇಷ್ಟು. ನಿನ್ನ ಆ ಪುಟವನ್ನು ಅನುವಾದ ಮಾಡಿ, ನನ್ನ ಸಹಿ ಹಾಕಿ, ಇವತ್ತು ಬೆಳಿಗ್ಗೆ ಸರ್ಕಾರಿ ಇಲಾಖೆಗೆ ಕಳಿಸಿದೆ. ಒಂದು ಪ್ರತಿ ಎಲ್ವಿನ್‌ಗೆ. ಅವನು ಆರು ವರ್ಷದಿಂದ ಕ್ಯಾನ್‌ಗಳಲ್ಲಿ ನೀರು ಹೊರುತ್ತಿದ್ದಾನೆ. ಈ ಕಾಗದದಿಂದ ಅವನಿಗೆ ನೀರು ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಇಂಥ ವರದಿಗಳಿಗೆ ಸಹಿ ಹಾಕುವ ನನ್ನ ಲೈಸೆನ್ಸ್ ಹೋಗುತ್ತದೆ. ಹೋಗಲಿ. ಮೂಲ ಪುಟ ಈ ಕಾಗದದ ಜೊತೆಗಿದೆ. ಅಕ್ಷರ ನಿನ್ನದೇ, ನೋಡಿಕೋ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನಿನ್ನ ಗುಣವೇ ಹಾಗೆ. ಸೋಮವಾರ ಲ್ಯಾಬಿನವರಿಗೆ ಉತ್ತರ ಕೊಡುವಾಗ ಆ ಕೆಲಸಕ್ಕೆ ಹೂಂ ಅನ್ನು, ಅಷ್ಟೇ. ಹಳೆಯ ಆಫೀಸಿನಲ್ಲಿ ನಿನ್ನ ಕೆಲಸ ಹೇಗಿತ್ತೆಂದು ವಿಚಾರಿಸಲು ಅವರು ನನಗೆ ಫೋನ್ ಮಾಡೇ ಮಾಡುತ್ತಾರೆ. ಇವಳು ಸರಿಯಾಗಿಯೇ ನೋಡಿದ್ದಳು, ಮುಚ್ಚಿಟ್ಟವಳು ನಾನು ಎಂದು ಹೇಳುತ್ತೇನೆ — ಅವರು ಕೇಳುವ ಮೊದಲೇ.