ಎಣ್ಣೆ ಡಬ್ಬಿಯ ಕಾಕು

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಒಂದು ಕಪ್ಪು ಗೆರೆ ಇತ್ತು. ಲಿಂಬೆಹಣ್ಣಿನ ಹೋಳು, ಸೀಗೆಪುಡಿ, ಸೀಮೆಎಣ್ಣೆ, ಯಾವುದರಿಂದ ಉಜ್ಜಿದರೂ ಅದು ಹೋಗುತ್ತಿರಲಿಲ್ಲ. ಉಳಿದಂತೆ ಬಹಳ ಸ್ವಚ್ಛದ ಹೆಂಗಸು. ಕಚ್ಚೆ ಹಾಕಿ ಉಟ್ಟ ನೂಲಿನ ಸೀರೆ, ನೀಲಿ ಹಾಕಿ ಒಗೆದ ಬಿಳಿ ಕುಪ್ಪಸ, ಬರಿದಾದ ಹಣೆ. ಖಾನಾಪುರದಲ್ಲಿ ಎಲ್ಲರೂ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಗಂಡ, ಊರಿಗೆಲ್ಲ ಕಾಕಾ, ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಕಾಕು ಎಂಬ ಹೆಸರು ಮಾತ್ರ ಉಳಿದಿತ್ತು.

ಎಂಬತ್ತರ ದಶಕದ ನಡುವೆ ನಾನು ಅಲ್ಲಿನ ಹೆಣ್ಣುಮಕ್ಕಳ ಶಾಲೆಗೆ ವರ್ಗ ಕೇಳಿಕೊಂಡು ಹೋದೆ. ನನ್ನ ಗಂಡ ಹುಬ್ಬಳ್ಳಿಯಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ತವರುಮನೆ ಬೆಳಗಾವಿಯ ಶಹಾಪುರ. ಅಲ್ಲಿ ಮಗ್ಗದ ಸದ್ದಿನ ನಡುವೆಯೂ ಓಣಿಯ ಹೆಂಗಸರ ಪಿಸುಮಾತು ನನಗೆ ಕೇಳಿಸುತ್ತಿತ್ತು. ಗುರುತಿಲ್ಲದ ಊರು ಬೇಕಾಗಿತ್ತು, ಅಷ್ಟೆ.

ಬಾಡಿಗೆ ಖೋಲಿ ಕೇಳಲು ಹೋದ ದಿನ ಕಾಕು ತಗಡಿನ ಶೆಡ್ಡಿನಲ್ಲಿ ಕಾರಿನ ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಿದ್ದರು. ನನ್ನ ಮುಖವನ್ನೂ ನೋಡದೆ, "ಬಾಡಿಗಿ ಮಾತು ಆಮ್ಯಾಲ ಆಡೂಣು. ಮದ್ಲ ಈ ಬ್ಯಾಟರಿ ಹಿಡೀರಿ" ಎಂದರು. ನಾನು ಬ್ಯಾಟರಿಯ ಬೆಳಕು ಹಿಡಿದೆ. ಇಂಜಿನ್ನಿನ ಬದಿಗೆ ಪಟ್ಟಿ ಕಟ್ಟಿ ನಿಲ್ಲಿಸಿದ್ದ ಅಲ್ಯುಮಿನಿಯಮ್ಮಿನ ಒಂದು ಡಬ್ಬಿಯನ್ನು ತಿರುಗಿಸಿ ಬಿಚ್ಚಿ, ಅದರಲ್ಲಿದ್ದ ಕಪ್ಪು ಜಿಡ್ಡನ್ನು ಶೀಸೆಗೆ ಬಸಿದರು. ಪ್ರತಿ ರವಿವಾರ ಅದೇ ಕೆಲಸ. ಆಮೇಲೆ ಚಹ.

ಕಾಕಾ ಹಡಗಿನಲ್ಲಿ ಇಂಜಿನಿಯರ್ ಆಗಿದ್ದವರು. ನೌಕರಿ ಮುಗಿಯುವ ಹೊತ್ತಿಗೆ ಪರದೇಶದಿಂದ ಆ ಡೀಸೆಲ್ ಕಾರನ್ನು ತಂದಿದ್ದರು. ಸ್ಟೀರಿಂಗ್ ಎಡಕ್ಕೆ. ಅದಕ್ಕೆ ಟರ್ಬೊ ಎಂಬುದೊಂದಿತ್ತು. ಹೊರಹೋಗುವ ಹೊಗೆಯ ರಭಸದಿಂದ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಚಕ್ರ. ಇಂಜಿನ್ನಿನ ಹೊಟ್ಟೆಯಿಂದ ಬರುವ ಆವಿಯಲ್ಲಿ ಎಣ್ಣೆ ಬೆರೆತು ಆ ಗಾಳಿಯ ದಾರಿ ಸೇರುತ್ತದೆಂದು ಕಾಕಾ ನಡುವೆ ಈ ಡಬ್ಬಿ ಕೂಡಿಸಿದ್ದರು. ಎಣ್ಣೆ ಡಬ್ಬಿಯಲ್ಲಿ ನಿಲ್ಲುತ್ತಿತ್ತು, ಬರೀ ಗಾಳಿ ಮುಂದೆ ಹೋಗುತ್ತಿತ್ತು. ಡಬ್ಬಿ ತುಂಬಲು ಬಿಡಬೇಡ, ತನ್ನ ಎಣ್ಣೆ ತಾನೇ ಕುಡಿದರೆ ಗಾಡಿಗೆ ಹುಚ್ಚು ಹಿಡಿಯುತ್ತದೆ ಎಂದು ಹೆಂಡತಿಗೆ ಹೇಳಿಕೊಟ್ಟಿದ್ದರಂತೆ. ಕಾಕಾ ಹೇಳಿದ ಮಾತುಗಳಲ್ಲಿ ಕಾಕು ನನ್ನ ಮುಂದೆ ಆಡಿದ್ದು ಬಹುಶಃ ಅದೊಂದೇ.

ನನ್ನ ಗಂಡನ ಸುದ್ದಿ ಅವರು ಎಂದೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಸಂಜೆ ಕಟ್ಟೆಯ ಮೇಲೆ ಕೂತು ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದೆವು. ರಸ್ತೆಯಲ್ಲಿ ಹೋಗುವವರು ಅವರಿಗೆ ಮರಾಠಿಯಲ್ಲಿ, ನನಗೆ ಕನ್ನಡದಲ್ಲಿ ಒಂದೊಂದು ಮಾತು ಆಡಿ ಹೋಗುತ್ತಿದ್ದರು. ಕತ್ತಲಾದ ಮೇಲೆ ಅವರು ತಮ್ಮ ಬಾಗಿಲು ಹಾಕಿಕೊಳ್ಳುತ್ತಿದ್ದರು, ನಾನು ನನ್ನದು. ಗೋಡೆಯಾಚೆ ಅವರು ಕೆಮ್ಮುವುದು ಕೇಳಿಸುತ್ತಿತ್ತು. ನಾನು ಪಾತ್ರೆ ಇಡುವ ಸದ್ದು ಅವರಿಗೂ ಕೇಳಿಸುತ್ತಿದ್ದಿರಬೇಕು.

ಒಂದು ಮಳೆಗಾಲ, ಶಾಲೆಯ ಫೋನಿಗೆ ನನ್ನ ಅಣ್ಣನ ಕರೆ ಬಂತು. ಅವ್ವನ ಕಾಯಿಲೆ ಜೋರಾಗಿದೆ, ಇದ್ದಂತೆ ಹೊರಟು ಬಾ ಎಂದ. ಆವತ್ತು ಬಸ್ಸು ಬಂದ್. ರೈಲು ಸಂಜೆಗೆ. ಬಟ್ಟೆ ತೆಗೆದುಕೊಳ್ಳಲೆಂದು ಮನೆಗೆ ಬಂದವಳು ಖೋಲಿಯ ಕೀಲಿ ತೆಗೆಯಲಾಗದೆ ಹೊಸ್ತಿಲ ಮೇಲೆ ಕೂತುಬಿಟ್ಟೆ. ಕಾಕು ಗೋವಾಕ್ಕೆ ಹೋಗಿ ಬಂದಾಗಿನಿಂದ ಜ್ವರ ಹಿಡಿದು ಮಲಗಿದ್ದವರು. ಎದ್ದು ಬಂದು ವಿಷಯ ಕೇಳಿದರು. ಕಿವಿಗೆ ಮಫ್ಲರ್ ಸುತ್ತಿಕೊಂಡು ಶೆಡ್ಡಿನ ಕಡೆ ನಡೆದರು.

ಊರು ದಾಟಿ ಒಂದು ಏರು ಹತ್ತುತ್ತಿದ್ದೆವು. ಕಾರು ಒಮ್ಮೆಲೇ ಅರಚಿಕೊಂಡಿತು. ಕಾಕು ಎಕ್ಸಿಲರೇಟರಿನಿಂದ ಕಾಲು ತೆಗೆದರೂ ಸದ್ದು ಏರುತ್ತಲೇ ಹೋಯಿತು. ಕೀಲಿ ತಿರುಗಿಸಿ ಬಂದ್ ಮಾಡಿದರು. ಇಂಜಿನ್ ನಿಲ್ಲಲಿಲ್ಲ. ಹಿಂದೆ ದಟ್ಟ ಬಿಳಿ ಹೊಗೆ, ರಸ್ತೆಯೇ ಕಾಣದಷ್ಟು. ಬಾಗಿಲು ತೆಗೆದು ಹಾರಬೇಕೆಂದು ನನ್ನ ಕೈ ಹಿಡಿಕೆಗೆ ಹೋಗಿತ್ತು. ಕಾಕು ಬ್ರೇಕಿನ ಮೇಲೆ ಎದ್ದು ನಿಂತಂತೆ ಒತ್ತಿ, ಗಾಡಿಯನ್ನು ಮೇಲಿನ ಗೇರಿಗೆ ಹಾಕಿ, ಕ್ಲಚ್ ಬಿಟ್ಟರು. ಕಾರು ಜಾಡಿಸಿತು, ನಡುಗಿತು, ಸತ್ತಂತೆ ನಿಂತಿತು.

ಮಳೆ ಹನಿ ಬಾನೆಟ್ಟಿನ ಮೇಲೆ ಬಿದ್ದು ಚುಯ್ ಅನ್ನುತ್ತಿತ್ತು. ಕಾಕು ಸ್ಟೀರಿಂಗ್ ಬಿಡದೆ ಕೂತಿದ್ದರು.

"ಡಬ್ಬಿ ಬಸಿದಿದ್ದಿಲ್ಲ. ಗೋವಾದಿಂದ ಬಂದಾಕಿ ಹಂಗ ಮಲಗಿದೆ" ಎಂದರು.

ಗೋವಾಕ್ಕೆ ಅವರು ವರ್ಷಕ್ಕೊಮ್ಮೆ ಕಾರಿನಲ್ಲಿ ಒಬ್ಬರೇ ಹೋಗುತ್ತಿದ್ದುದು ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಇಂಜಿನ್ ಆರುವತನಕ ಕಾಯಬೇಕಾಗಿತ್ತು. ಆಗ ಹೇಳಿದರು. ಕಾಕಾ ಕೆಲಸವೊಂದಕ್ಕೆ ಗೋವಾದ ಬಂದರಿಗೆ ಹೋಗಿದ್ದಾಗ ಎದೆನೋವು ಬಂದು ಅಲ್ಲಿನ ಆಸ್ಪತ್ರೆ ಸೇರಿದ್ದರು. ಕಾರು ಮನೆಯ ಶೆಡ್ಡಿನಲ್ಲೇ ಇತ್ತು. ಕಾಕುಗೆ ಓಡಿಸಲು ಬರುತ್ತಿರಲಿಲ್ಲ. ಬಸ್ಸಿನಲ್ಲಿ ಹೊರಟರು, ಘಟ್ಟದಲ್ಲಿ ಬಸ್ಸು ಕೆಟ್ಟಿತು. ಇವರು ಹೋಗಿ ಸೇರುವ ಹೊತ್ತಿಗೆ ಅವರ ಮುಖಕ್ಕೆ ಬಟ್ಟೆ ಹಾಕಿದ್ದರು. ಡ್ರೈವಿಂಗ್ ಕಲಿತದ್ದು ಅದರ ಮರುತಿಂಗಳು.

"ಯಾರ ಸಲುವಾಗಿ ಕಲ್ತೆ, ಯಾಕ ಕಲ್ತೆ, ನನಗ ತಿಳೀವಲ್ದಾಗಿತ್ತು. ಇವತ್ತ ನಿನ್ನ ಮುಟ್ಟಸ್ತೀನಿ. ಅಳಬ್ಯಾಡ, ಬ್ಯಾಟರಿ ಹಿಡಿ."

ಅಲ್ಲಿಯವರೆಗೆ ನನ್ನನ್ನು ಶಾಲೆಯ ಶಿಕ್ಷಕಿಯೆಂದು 'ಬಾಯಾರ', 'ನೀವು' ಎನ್ನುತ್ತಿದ್ದವರು ಅಂದು ಮೊದಲ ಸಲ ನೀನು ಎಂದರು.

ತುಂಬಿ ತುಳುಕುತ್ತಿದ್ದ ಡಬ್ಬಿಯನ್ನು ಬಸಿದು, ಗಾಳಿಯ ಕೊಳವೆಯನ್ನು ಬಿಚ್ಚಿ ಒಳಗಿನ ಎಣ್ಣೆಯನ್ನು ತಮ್ಮ ಸೆರಗಿನಿಂದಲೇ ಒರೆಸಿದರು. ಡಬ್ಬಿಯಿಂದ ಹೊರಡುವ ನಳಿಗೆಯನ್ನು ಮರಳಿ ಜೋಡಿಸದೆ ಕೆಳಕ್ಕೆ ಇಳಿಬಿಟ್ಟು, ಅದು ಸೇರುತ್ತಿದ್ದ ತೂತಿಗೆ ಬಿರಡೆ ಬಡಿದರು. ಕಾರು ಮತ್ತೆ ಹೊರಟಿತು. ಜ್ವರದ ಮೈ, ಒದ್ದೆ ಸೀರೆ. ಬೆಳಗಾವಿ ಸೇರುವವರೆಗೂ ಎಲ್ಲೂ ನಿಲ್ಲಿಸಲಿಲ್ಲ.

ಶಹಾಪುರದ ನಮ್ಮ ಮನೆಯಲ್ಲಿ ಮಗ್ಗಗಳು ನಿಂತಿದ್ದವು. ಅವ್ವನಿಗೆ ಎಚ್ಚರವಿತ್ತು. ಬಸ್ಸಿಲ್ಲವಂತೆ, ಹೇಗೆ ಬಂದೆ ಎಂದು ಕೇಳಿದಳು. ಕಾಕು ಕರೆತಂದರು, ಹೊರಗೆ ಗಾಡಿಯಲ್ಲಿ ಕೂತಿದ್ದಾರೆ ಎಂದೆ. ಅವ್ವ ನನ್ನ ಕೈ ಹಿಡಿದು, "ಆಕೀಗೆ ಚಾ ಕೊಟ್ರೇನು?" ಎಂದಳು. ಆಮೇಲೆ ಅವಳು ಆಡಿದ್ದು ಯಾವುದೂ ತಿಳಿಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೋದಳು.

ಅದಕ್ಕೂ ಮುಂಚೆ ನಾನೇ ಚಹ ಒಯ್ದು ಕೊಟ್ಟಿದ್ದೆ. ಕಾಕು ಬಸಿಯನ್ನು ಎರಡೂ ಕೈಯಲ್ಲಿ ಹಿಡಿದು, "ಮಾತಾಡಿದ್ರೇನು?" ಎಂದು ಕೇಳಿದರು.

"ಮಾತಾಡಿದ್ಲ್ರಿ."

"ಸಾಕು" ಎಂದು ಚಹ ಕುಡಿದರು. ಒಳಗೆ ಬನ್ನಿ ಎಂದು ಅಣ್ಣ ಎಷ್ಟು ಕರೆದರೂ ಬರಲಿಲ್ಲ.

ಆ ಏರಿನ ಮೇಲೆ ಇಂಜಿನ್ ಪೆಟ್ಟು ತಿಂದಿತ್ತು. ಬೆಳಗಾವಿಯ ಮೇಸ್ತ್ರಿ ಒಳಗಿನ ರಿಂಗುಗಳು ಸವೆದಿವೆ, ಇಂಜಿನ್ ಇಳಿಸಿ ಬಿಚ್ಚಬೇಕು ಎಂದ. ಸಾಮಾನು ಪರದೇಶದಿಂದ ಬರಬೇಕಾಗಿತ್ತು. ಡಬ್ಬಿ ಬೇಗ ಬೇಗ ತುಂಬತೊಡಗಿತು. ಕಾಕು ದೂರ ಹೋಗುವುದನ್ನು ಬಿಟ್ಟರು. ಆದರೆ ನಾನು ಕಲಿಯಲೇಬೇಕೆಂದು ಹಟ ಹಿಡಿದರು. ಊರ ಹೊರಗಿನ ಮೈದಾನದಲ್ಲಿ, ಹೊಗೆ ಕಾರುವ ಆ ಗಾಡಿಯಲ್ಲಿ, ಎಡಗಡೆ ಕೂತು ಓಡಿಸುವುದನ್ನು ಕಲಿತೆ. ತಪ್ಪು ಗೇರು ಹಾಕಿದರೆ ಬಯ್ಯುತ್ತಿರಲಿಲ್ಲ. ಕಿಟಕಿಯ ಹೊರಗೆ ನೋಡುತ್ತಿದ್ದರು. ಗೋವಾಕ್ಕೆ ಮರುವರ್ಷ ಹೋಗಲಿಲ್ಲ. ಕಾಕಾ ತೀರಿಕೊಂಡ ದಿನ ಬೆಳಿಗ್ಗೆಯಿಂದ ಶೆಡ್ಡಿನಲ್ಲೇ ಕೂತಿದ್ದರು, ನಾನು ಊಟ ಅಲ್ಲಿಗೇ ಒಯ್ದೆ.

ನನಗೆ ಬೆಳಗಾವಿಗೆ ವರ್ಗವಾಯಿತು. ಹೊರಡುವ ದಿನ ಗೋಧಿಹಿಟ್ಟಿನ ಉಂಡೆ ಕಟ್ಟಿಕೊಟ್ಟು, ಬಸ್ಸು ಬರುವ ಮೊದಲೇ ಮನೆಗೆ ಹೊರಟುಹೋದರು. ಮೊದಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದೆ, ಆಮೇಲೆ ಹಬ್ಬಕ್ಕೆ. ಒಮ್ಮೆ ಹೋದಾಗ ಶೆಡ್ಡು ಖಾಲಿ ಇತ್ತು. ಗುಜರಿಯವನು ಎಳೆದೊಯ್ದ ಎಂದರು. ಅವರೆಕಾಯಿ ಬುಟ್ಟಿ ಮುಂದೆ ಸರಿಸಿದರು.

ಒಂದು ಚಳಿಗಾಲದ ಬೆಳಿಗ್ಗೆ, ಕಾಕು ಹೋದರೆಂದು ಅವರ ನೆರೆಮನೆಯವರು ಹೇಳಿ ಕಳಿಸಿದರು. ನಾನು ಹೋಗುವಷ್ಟರಲ್ಲಿ ಪುಣೆಯಿಂದ ಕಾಕಾನ ಅಣ್ಣನ ಮಗ ಬಂದಿದ್ದ. ಅಂಗಳದಲ್ಲಿ ಹತ್ತಾರು ಜನ. ಹಿತ್ತಲಲ್ಲಿ ಮೀಯಿಸಲು ನೀರು ಕಾಯುತ್ತಿತ್ತು. ನಾನು ಒಳಗೆ ಹೊರಟಾಗ ಅವನು ತಡೆದು, ಮರಾಠಿಯಲ್ಲಿ, ನೀವು ಅವರಿಗೆ ಏನಾಗಬೇಕು ಎಂದು ಮರ್ಯಾದೆಯಿಂದಲೇ ಕೇಳಿದ. ಬಾಡಿಗೆಗೆ ಇದ್ದೆ ಎಂದೆ. ಹಾಗಾದರೆ ಇಲ್ಲೇ ಕುಳಿತುಕೊಳ್ಳಿ, ಒಳಗೆ ಮನೆಯವರು ನೀರು ಹಾಕುತ್ತಾರೆ ಎಂದ. ನಾನು ಜಗುಲಿಯ ಅಂಚಿಗೆ ಸರಿದು ನಿಂತೆ.

ನೆರೆಮನೆಯ ಮುದುಕಿ ಹಂಡೆಯಿಂದ ತಂಬಿಗೆ ತುಂಬಿಕೊಂಡು ಬಂದಳು. ಅವನ ಕಡೆ ತಿರುಗಿಯೂ ನೋಡದೆ ಅದನ್ನು ನನ್ನ ಕೈಗಿಟ್ಟು, "ಮದ್ಲ ನೀ ಹಾಕವ್ವ" ಎಂದಳು.

ನಾನು ಒಳಗೆ ಹೋಗಿ ಕಾಕೂನ ತಲೆಯ ಬಳಿ ಕೂತೆ. ನೀರು ಬಹಳ ಬಿಸಿಯಿದೆಯೇನೋ ಎಂದು ಮೊದಲು ನನ್ನ ಕೈ ಮೇಲೆ ಒಂದಿಷ್ಟು ಹನಿಸಿಕೊಂಡು ನೋಡಿ, ಆಮೇಲೆ ಹಾಕಿದೆ.