ಐದನೆಯ ರುಮಾಲು

ಔರಾದದಲ್ಲಿ ವೈಜಿನಾಥಪ್ಪನಿಗೆ ಇದ್ದದ್ದು ಎಣ್ಣೆಯ ಗಾಣ. ಆದರೆ ಊರಿನವರು ಅವನನ್ನು ಕರೆಯುತ್ತಿದ್ದದ್ದು ಸಾಲಿ ವೈಜಿನಾಥಪ್ಪ, ಅಂದರೆ ಶಾಲೆ ಕಲಿತವನು, ಎಂದು. ಕಚೇರಿಯಿಂದ ಉರ್ದುವಿನಲ್ಲಿ ಏನಾದರೂ ಹುಕುಂ ಬಂದರೆ ಜನ ಅದನ್ನು ಹಿಡಿದುಕೊಂಡು ಅವನ ಗಾಣದ ಬಾಗಿಲಿಗೆ ಬರುತ್ತಿದ್ದರು. ಅವನು ಕುಸುಬಿ ಎಣ್ಣೆಯ ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಕಾಗದವನ್ನು ದೂರ ಹಿಡಿದು, ತಡೆತಡೆದು ಓದಿ ಹೇಳುತ್ತಿದ್ದ. ಅವನಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ತಿಳಿಯದ್ದನ್ನು ತಿಳಿಯಲಿಲ್ಲವೆಂದೇ ಹೇಳುತ್ತಿದ್ದ. ಜನ ಅದನ್ನು ಅವನ ವಿನಯವೆಂದುಕೊಳ್ಳುತ್ತಿದ್ದರು.

"ಬೀದರದಾಗ ರುಮಾಲ ಸುತ್ತಿಸಿಕೊಂಡು ಬಂದ ಮನಶ್ಯಾ. ಅವಗ ತಿಳೀಲಾರದ್ದು ಏನದ?" ಎನ್ನುತ್ತಿದ್ದರು.

ಆ ರುಮಾಲಿನ ಮಾತು ಬಂದಾಗಲೆಲ್ಲ ವೈಜಿನಾಥಪ್ಪ ಎದ್ದು ಎತ್ತಿನ ಕಡೆ ಹೋಗುತ್ತಿದ್ದ. ಅದು ತನ್ನದೋ ಅಲ್ಲವೋ ಎಂಬುದು ಅವನಿಗೇ ಗೊತ್ತಿರಲಿಲ್ಲ.

ಅವನು ಕಲಿತದ್ದು ಬೀದರದಲ್ಲಿ, ಮಹಮ್ಮದ ಇಸ್ಮಾಯಿಲ ಎಂಬ ಉಸ್ತಾದರ ಶಾಲೆಯಲ್ಲಿ. ಅದು ಸರಕಾರದ ಶಾಲೆಯಲ್ಲ. ಕೋಟೆಯ ಹಾದಿಯಲ್ಲಿ ಉಸ್ತಾದರ ಸ್ವಂತ ಮನೆಯ ಪಡಸಾಲೆಯೇ ಶಾಲೆ. ಪಾರಸಿ, ಉರ್ದು, ಕನ್ನಡ, ಗಣಿತ, ಹಳೆಯ ಅರಸರ ಕಥೆ, ನಕ್ಷತ್ರಗಳ ಹೆಸರು ಎಲ್ಲವನ್ನೂ ಅವರೊಬ್ಬರೇ ಕಲಿಸುತ್ತಿದ್ದರು. ಕೆಲಸಕ್ಕೆ ಬರುವ ವಿದ್ಯೆಯನ್ನೂ ಬಾರದ ವಿದ್ಯೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಕೊಡುವ ಶಾಲೆ ಎಂದು ಪೇಟೆಯವರು ನಗೆಯಾಡುತ್ತಿದ್ದರು. ಹಾಗಿದ್ದರೂ ಅಲ್ಲಿ ಕಲಿತವರು ದೊಡ್ಡವರಾದರು. ಮನ್ಮಥಪ್ಪ ವಕೀಲನಾದ. ರಶೀದ ಅಹ್ಮದ ಬೀದರದ ಕಚೇರಿಯಲ್ಲಿ ಕಡತಗಳನ್ನು ಸಾಹೇಬರ ಮುಂದಿಡುವ ಪೇಶಕಾರನಾದ.

ಪಾಠ ಪೂರ್ತಿ ಮುಗಿಸಿದವರಿಗೆ ಉಸ್ತಾದರು ತಮ್ಮ ಕೈಯಾರೆ ರುಮಾಲು ಸುತ್ತುತ್ತಿದ್ದರು. ಅವರ ಹೆಂಡತಿ ಮನೆಯಲ್ಲೇ ಬಣ್ಣ ಹಾಕಿ, ಊದಿನ ಹೊಗೆ ಹಿಡಿಸಿದ ಕೇಸರಿ ರುಮಾಲು. ಬೇರೆ ಪರೀಕ್ಷೆಯಿಲ್ಲ, ಮುದ್ರೆ ಹಾಕಿದ ಕಾಗದವೂ ಇಲ್ಲ. ರುಮಾಲೇ ಎಲ್ಲ. ಅದಕ್ಕೊಂದು ಕಟ್ಟಳೆಯಿತ್ತು. ಒಮ್ಮೆ ಮಡಿಕೆ ಬಿಚ್ಚಿದ ರುಮಾಲು ತಲೆಯ ಮೇಲೆ ಕೂರದೆ ಒಳಗೆ ಹೋಗಕೂಡದು. ಹೋದರೆ ಶಾಲೆಗೆ ಒಳ್ಳೆಯದಲ್ಲ ಎಂದು ನಂಬಿದ್ದರು.

ವೈಜಿನಾಥ ಆ ಶಾಲೆಗೆ ಮೂರು ವರ್ಷ ಹೋದ. ಕೊನೆಯ ವರ್ಷದಲ್ಲಿ ತಂದೆ ತೀರಿಕೊಂಡ. ಗಾಣದ ಎತ್ತು ಕಟ್ಟುವವರಿಲ್ಲದೆ ಅವನು ಪಾಠವನ್ನು ನಡುವೆಯೇ ಬಿಟ್ಟು ಔರಾದಕ್ಕೆ ಬಂದ. ಮರುವರ್ಷ ಬೀದರಕ್ಕೆ ಎಣ್ಣೆಯ ಡಬ್ಬಿಗಳನ್ನು ಹೇರಿಕೊಂಡು ಹೋದವನು, ಗೆಳೆಯರಿಗೆ ಅಂದೇ ರುಮಾಲು ಸುತ್ತುತ್ತಾರೆಂದು ಕೇಳಿ ನೋಡಲು ನಿಂತ. ಐದು ರುಮಾಲು ಬಿಚ್ಚಿ ಇಟ್ಟಿದ್ದರು. ಸಾಲಿನಲ್ಲಿ ಕೂತವರು ನಾಲ್ವರು. ಐದನೆಯವನಾದ ಯೂಸುಫನಿಗೆ ಜ್ವರ ಎಂದು ಅವನ ಮನೆಯಿಂದ ಹೇಳಿ ಕಳಿಸಿದ್ದರು. ಉಸ್ತಾದರು ಬಿಚ್ಚಿದ ರುಮಾಲು ಹಿಡಿದು ಅತ್ತಿತ್ತ ನೋಡಿದರು. ರಶೀದ ಬಾಗಿಲಲ್ಲಿ ನಿಂತಿದ್ದ ವೈಜಿನಾಥನ ಕೈ ಹಿಡಿದು ಎಳೆದು ಕೂರಿಸಿದ. ಉಸ್ತಾದರು ಏನೂ ಕೇಳದೆ ಸುತ್ತಿಬಿಟ್ಟರು.

ವೈಜಿನಾಥ ಅಂದು ಸಂಜೆಯೇ ಯೂಸುಫನ ಮನೆಗೆ ಹೋಗಿ ರುಮಾಲು ಕೊಡಲು ನೋಡಿದ. ಯೂಸುಫನ ತಾಯಿ ಅಕ್ತರಬೀ ಬಾಗಿಲಲ್ಲೇ ತಡೆದಳು. "ಯಾರ ತಲಿ ಮ್ಯಾಲೆ ಕೂತದೋ ಅವರದು, ಬೇಟಾ. ಹೋಗು" ಎಂದು ಕದ ಮುಚ್ಚಿದಳು. ಅವನು ಅದನ್ನು ಔರಾದಕ್ಕೆ ತಂದು ಟ್ರಂಕಿನಲ್ಲಿಟ್ಟ. ತಲೆಯ ಮೇಲೆ ಇಡುವ ಧೈರ್ಯವೂ ಬರಲಿಲ್ಲ, ಯಾರಿಗಾದರೂ ಕೊಡುವ ಮನಸ್ಸೂ ಬರಲಿಲ್ಲ. ಹೀಗೆಯೇ ಇಪ್ಪತ್ತು ವರ್ಷ ಕಳೆಯಿತು.

ಆ ಮೇಲೆ ಒಂದು ದಿನ ರಶೀದ ಅಹ್ಮದ ಕಚೇರಿಯ ಕೆಲಸದ ಮೇಲೆ ಔರಾದಕ್ಕೆ ಬಂದವನು ಗಾಣದ ಮುಂದೆ ಟಾಂಗಾ ನಿಲ್ಲಿಸಿದ.

"ಏ ವೈಜ್ಯಾ, ಇನ್ನೂ ಎತ್ತಿನ ಹಿಂದೇ ತಿರುಗ್ಲತ್ತಿ ಏನು?"

"ಬಾರೋ ಪೇಶಕಾರ. ಎತ್ತಾದ್ರೂ ಎಣ್ಣಿ ಕೊಡ್ತದ. ನೀ ಯಾರ ಹಿಂದ ತಿರುಗ್ತಿ, ಅವರು ಏನ್ ಕೊಡ್ತಾರ?"

ರಶೀದ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ತಾನು ತಂದ ಸುದ್ದಿ ಹೇಳಿದ. ಉಸ್ತಾದರು ಶಾಲೆ ಮುಚ್ಚಿ ಭಾಲ್ಕಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ತಾವು ಸುತ್ತಿದ ರುಮಾಲುಗಳನ್ನೆಲ್ಲ ಒಮ್ಮೆ ಕಣ್ಣು ತುಂಬ ನೋಡಬೇಕೆಂದು ಅವರಿಗೆ ಆಸೆಯಾಗಿದೆ. ಬರುವ ಶುಕ್ರವಾರ ಬೀದರದ ಹಳೆಯ ಪಡಸಾಲೆಯಲ್ಲಿ ಎಲ್ಲರೂ ರುಮಾಲು ಸುತ್ತಿಕೊಂಡು ಬರಬೇಕು.

"ವಕೀಲ ಬರ್ತಾನ. ಯೂಸುಫನೂ ಹೈದರಾಬಾದದಿಂದ ಬರ್ತಾನ. ನೀನೂ ಬರಬೇಕು, ತಪ್ಪಿಸಬ್ಯಾಡ."

ಯೂಸುಫನ ಹೆಸರು ಕೇಳಿ ವೈಜಿನಾಥಪ್ಪ ಎತ್ತನ್ನು ನಿಲ್ಲಿಸಿದ. "ಆ ರುಮಾಲ ಅವನದಲ್ಲೇನೋ?"

"ನಿನ್ನ ತಲಿ ಮ್ಯಾಲೆ ಸುತ್ತಿದ್ದು ಅವನದು ಹ್ಯಾಂಗ ಆಗ್ತದ?" ಎಂದು ರಶೀದ ಟಾಂಗಾ ಏರಿದ.

ವೈಜಿನಾಥಪ್ಪ ಆ ರುಮಾಲು ಸುತ್ತಿಕೊಂಡು ಯೂಸುಫನ ಮುಂದೆ ಕೂತರೆ ಕಳ್ಳನಾಗುತ್ತಾನೆ. ಹೋಗದಿದ್ದರೆ ಉಸ್ತಾದರ ಕರೆಯನ್ನು ಒದ್ದಂತೆ. ರುಮಾಲು ಬಿಟ್ಟು ಹೋದರೆ ಏನೆಂದು ಹೇಳುವುದು? ಎಲ್ಲಕ್ಕಿಂತ ಹೆಚ್ಚಾಗಿ ಅವನಿಗೆ ಒಂದೇ ಮಾತು ತಿಳಿಯಬೇಕಾಗಿತ್ತು. ತಾನು ಆ ಶಾಲೆಯವನು ಹೌದೋ ಅಲ್ಲವೋ?

ಹೆಂಡತಿ ಅನುಸೂಯಾಬಾಯಿ ರೊಟ್ಟಿ ತಟ್ಟುತ್ತಲೇ ಕೇಳಿಸಿಕೊಂಡಳು. "ಅದಕ್ಯಾಕ ಇಷ್ಟು ತಲಿ ಕೆಡಿಸ್ಕೋತೀರಿ? ಭಾಲ್ಕಿಗಿ ಹೋಗಿ ಅವರನ್ನೇ ಕೇಳ್ರಿ. ಸುತ್ತಿದೋರು ಅವರೇ ಅಲ್ಲೇನು?"

ಮಾತು ಸರಿಯೆನಿಸಿತು. ಅವನು ಬಂಡಿ ಕಟ್ಟಿಕೊಂಡು ಭಾಲ್ಕಿಗೆ ಹೋದ. ಉಸ್ತಾದರ ಮಗಳು ಕುಲಸುಮಬೀ ಅಂಗಳದಲ್ಲಿ ಹೊರಸು ಹಾಕಿ ಕೂರಿಸಿದಳು. ಉಸ್ತಾದರು ಬಿಳಿಯ ಗಡ್ಡದೊಳಗೆ ಸಣ್ಣಗಾಗಿದ್ದರು. ಕಣ್ಣು ಮಾತ್ರ ಮೊದಲಿನಂತೆಯೇ ಚುರುಕಾಗಿದ್ದವು. ವೈಜಿನಾಥಪ್ಪ ಹಾದಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಅವರ ಮುಂದೆ ಚದುರಿಹೋದವು.

"ಉಸ್ತಾದ್ರೇ, ಆವತ್ತು ನನಗ ಸುತ್ತಿದ ರುಮಾಲ... ಅದು ಯಾರದಿತ್ರಿ?"

ಅವರು ಅವನ ತಲೆಯ ಕಡೆ ನೋಡಿದರು. "ಬಿಗಿ ಆಗಿತ್ತೇನು?"

"ಇಲ್ಲರಿ. ಸರಿ ಕೂತಿತ್ರಿ."

"ಮತ್ತೇನು?"

ಪಾಠ ಮುಗಿಸಿರಲಿಲ್ಲ ಎಂದು ಹೇಳುವ ಬದಲು ವೈಜಿನಾಥಪ್ಪ ಕೈಮುಗಿದು ಎದ್ದ. ಬಾಗಿಲ ತನಕ ಬಂದ ಕುಲಸುಮಬೀಯನ್ನು ಮೆಲ್ಲಗೆ ಕೇಳಿದ.

"ಅಮ್ಮಾ ಐದು ರುಮಾಲಿಗೆ ಬಣ್ಣಾ ಹಾಕಿದ್ದು ನನಗ ನೆನಪದ, ಭಾಯಿ," ಎಂದಳು ಅವಳು. "ಯಾರ್ಯಾರಿಗೆ ಅಂತ ನನಗೇನು ಗೊತ್ತು? ನಾ ಒಣಗಿಸಿದಾಕಿ ಅಷ್ಟೇ."

ಹೋಗುವಾಗ ಇದ್ದ ಗೊಂದಲ ಬರುವಾಗ ಇಮ್ಮಡಿಯಾಗಿತ್ತು.

ಶುಕ್ರವಾರ ಅವನು ರುಮಾಲನ್ನು ಸುತ್ತಿಕೊಳ್ಳಲಿಲ್ಲ. ಮಡಿಸಿ ಚೀಲದಲ್ಲಿಟ್ಟುಕೊಂಡು ಬೀದರಕ್ಕೆ ಹೋದ. ಯೂಸುಫ ಸಿಕ್ಕ ಕೂಡಲೇ ಅವನ ಕೈಗೆ ಕೊಟ್ಟುಬಿಡುವುದು, ಆಮೇಲೆ ಬಾಗಿಲ ಬಳಿ ನಿಂತು ನೋಡುವುದು ಎಂದು ಗಟ್ಟಿ ಮಾಡಿಕೊಂಡಿದ್ದ. ಯೂಸುಫ ಪಡಸಾಲೆಯ ಹೊರಗೇ ಸಿಕ್ಕ. ಮೈ ತುಂಬಿಕೊಂಡಿದ್ದ. ಹೈದರಾಬಾದದಲ್ಲಿ ಪುಸ್ತಕ ಅಚ್ಚುಹಾಕುವ ಒಂದು ಛಾಪಖಾನೆಯಲ್ಲಿ ದೊಡ್ಡ ಮುನಶಿಯಾಗಿದ್ದ. ತಲೆಯ ಮೇಲೆ ಕೆಂಪು ರೂಮಿ ಟೋಪಿಯಿತ್ತು.

"ತಗೋ, ಯೂಸುಫ. ನಿನ್ನ ರುಮಾಲ ಇದು. ಆವತ್ತು ನಿನಗ ಜ್ವರಾ ಬಂದು..."

"ಜ್ವರಾ? ಯಾವ ಜ್ವರಾ?" ಯೂಸುಫ ಅತ್ತಿತ್ತ ನೋಡಿ ದನಿ ಇಳಿಸಿದ. "ಅರೆ ಹುಚ್ಚಾ, ಕಡೀ ಪಾಠ ಒಪ್ಪಿಸೋ ದಿನಾ ನಾ ಕೋಟಿ ಗ್ವಾಡಿ ಹಾರಿ ಓಡಿ ಹೋಗಿದ್ದೆ. ಅಪ್ಪಾ ಚರ್ಮಾ ಸುಲೀತಾನ ಅಂತ ಅಮ್ಮಾ ಕಂಬಳಿ ಹೊಚ್ಚಿ ಮಲಗಿಸಿದ್ಲು. ಎಲ್ಲೀ ಜ್ವರಾ!"

"ಹಂಗಾದ್ರ ಇದು ನಿನದಲ್ಲ?"

"ಪಾಠಾನೇ ಒಪ್ಪಿಸಿಲ್ಲ, ನನದ ಹ್ಯಾಂಗ ಆಗ್ತದ?"

"ಮತ್ತ ಯಾರದು?"

"ಯಾರದರೆ ಇರಲಿ, ಸುತ್ತಿಕೋ. ಬರೀ ತಲೀಲೆ ಒಳಗ ಹೋಗ್ತಿ ಏನು?"

ಇಪ್ಪತ್ತು ವರ್ಷ ವೈಜಿನಾಥಪ್ಪ ಆ ರುಮಾಲಿಗೆ ಒಬ್ಬ ಒಡೆಯನಿದ್ದಾನೆಂದು ನಂಬಿಕೊಂಡಿದ್ದ. ಈಗ ಆ ಒಡೆಯನೂ ಇಲ್ಲವಾದ. ಅಷ್ಟರಲ್ಲಿ ರಶೀದ ಬಂದು ವೈಜಿನಾಥಪ್ಪನ ಕೈಯಿಂದ ರುಮಾಲು ಕಸಿದು ಅವನ ತಲೆಗೆ ಸುತ್ತಿ, ಒಳಗೆ ನೂಕಿಕೊಂಡು ಹೋಗಿ ಸಾಲಿನಲ್ಲಿ ಕೂರಿಸಿದ. ವೈಜಿನಾಥಪ್ಪನ ಅದೃಷ್ಟವೋ ಏನೋ, ಅವನನ್ನು ಆ ಸಾಲಿಗೆ ಎಳೆಯುವ ಕೈ ಯಾವಾಗಲೂ ರಶೀದನದೇ.

ಉಸ್ತಾದರು ಲೋಡಿಗೆ ಒರಗಿ ಕೂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದರು. ಕರೆದವನು ಮುಂದೆ ಬಂದು ಬಾಗಬೇಕು. ಅವರು ರುಮಾಲಿನ ಅಂಚನ್ನು ಮುಟ್ಟಿ, "ಏನಾದಿ?" ಎಂದು ಕೇಳುತ್ತಿದ್ದರು. ಮನ್ಮಥಪ್ಪ ವಕೀಲನೆಂದು ಹೇಳಿದ. "ಸುಳ್ಳು ಕಡಿಮಿ ಹೇಳು" ಎಂದು ಬೆನ್ನು ತಟ್ಟಿದರು. ರಶೀದ ಪೇಶಕಾರನೆಂದ. ಯೂಸುಫನ ಟೋಪಿ ನೋಡಿ ಹುಬ್ಬು ಗಂಟಿಕ್ಕಿದರು. "ಹೈದರಾಬಾದದಾಗ ಇದೇ ರಿವಾಜ ಅದರಿ, ಉಸ್ತಾದ್ರೇ" ಎಂದು ಅವನು ಹಲ್ಲು ಕಿರಿದಾಗ ಎಲ್ಲರೊಂದಿಗೆ ಅವರೂ ನಕ್ಕುಬಿಟ್ಟರು.

"ಔರಾದದ ವೈಜಿನಾಥ."

ಅವನು ಎದ್ದು ಹೋಗಿ ಬಾಗಿದ. ಮುದುಕರ ಬೆರಳು ರುಮಾಲಿನ ಅಂಚನ್ನು ಮುಟ್ಟಿದವು.

"ಏನಾದಿ?"

"ಗಾಣಾ ಹೊಡೀತೇನ್ರಿ." ಅಲ್ಲಿಗೇ ನಿಲ್ಲಿಸಬಹುದಾಗಿತ್ತು. ಆದರೆ ಆ ಬೆರಳು ಇನ್ನೂ ರುಮಾಲಿನ ಮೇಲೆಯೇ ಇದ್ದವು. "ಉಸ್ತಾದ್ರೇ, ನಾ ಸಾಲಿ ಮುಗಿಸಿಲ್ರಿ. ನಡುವೇ ಬಿಟ್ಟು ಹೋಗಿದ್ದೆ. ಇದು ನನದೋ ಅಲ್ಲೋ ನನಗ ತಿಳೀವಲ್ದು."

ರಶೀದ ಹಿಂದಿನಿಂದ, "ಕೂಡೋ ಮಾರಾಯ" ಎಂದು ಪಿಸುಗುಟ್ಟಿದ.

ಉಸ್ತಾದರು ಸಿಟ್ಟಾಗಲಿಲ್ಲ, ಕನಿಕರವನ್ನೂ ತೋರಿಸಲಿಲ್ಲ. ನಿನ್ನೆ ಬಿಟ್ಟ ಪಾಠವನ್ನು ಇಂದು ಕೇಳುವವರಂತೆ ಕೇಳಿದರು. "ಎಲ್ಲಿ ತನಕ ಆಗಿತ್ತು?"

"ಭಿನ್ನರಾಶಿ ಸುರು ಆಗಿತ್ರಿ."

"ಹೇಳು. ಮೂರನೇ ಒಂದು ಪಾಲಿಗೆ ನಾಲ್ಕನೇ ಒಂದು ಪಾಲು ಕೂಡಿಸಿದ್ರ ಎಷ್ಟು?"

ವೈಜಿನಾಥಪ್ಪ ಬೆರಳು ಮಡಿಸಿ ಎಣಿಸಿದ. "ಏಳನೇ ಎರಡು ಪಾಲು ಏನ್ರಿ?"

"ತಪ್ಪು."

"ಏಳನೇ ಒಂದು?"

"ಅದು ಇನ್ನೂ ತಪ್ಪು."

ಯಾರೋ ಕಿಸಕ್ಕೆಂದರು. ವೈಜಿನಾಥಪ್ಪ ಕೈ ಜೋಡಿಸಿದ. "ಎಣ್ಣಿ ಅಳದು ತೋರಸ್ಲೇನ್ರಿ? ಬರೇ ಅಂಕಿ ಅಂದ್ರ ಕೈಗೆ ಹತ್ತವಲ್ದು."

"ಎಣ್ಣಿ ಬ್ಯಾಡ. ಬರೇ ಅಂಕಿ."

ಅವನು ತಲೆ ತಗ್ಗಿಸಿ ನಿಂತ. ಉಸ್ತಾದರು ಎರಡೂ ಕೈ ಎತ್ತಿ ಅವನ ತಲೆಯ ಮೇಲಿನ ರುಮಾಲನ್ನು ಸುತ್ತು ಸುತ್ತಾಗಿ ಬಿಚ್ಚಿದರು. ಮಡಿಸಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಹಿಂದೆ ಕೂತವರಲ್ಲಿ ಒಬ್ಬಿಬ್ಬರು "ಅಯ್ಯೋ" ಎಂದರು. ತುಂಬಿದ ಸಭೆಯಲ್ಲಿ ಬರಿದಲೆಯಾಗುವುದಕ್ಕಿಂತ ದೊಡ್ಡ ಅವಮಾನ ಆ ದಿನಗಳಲ್ಲಿ ಇರಲಿಲ್ಲ.

"ಮಡಿಕಿ ಬಿಚ್ಚಿದ್ದು ಖಾಲಿ ಹೋಗಬಾರದು ಅಂತ ಕಟ್ಟಳಿ ಅದರಿ," ಎಂದು ಮನ್ಮಥಪ್ಪ ವಕೀಲ ಎದ್ದು ನಿಂತ.

"ಕಟ್ಟಳಿ ಮಾಡಿದಾಂವ ನಾನೇ, ವಕೀಲಸಾಬ. ಇದು ಖಾಲಿ ಹೋಗಂಗಿಲ್ಲ. ತಡಾ ಆಗ್ತದ ಅಷ್ಟೇ." ಅವರು ವೈಜಿನಾಥಪ್ಪನ ಕಡೆ ತಿರುಗಿದರು. "ಸೋಮವಾರ ಭಾಲ್ಕಿಗಿ ಬಾ. ಪಾಟಿ ತಗೊಂಡು ಬಾ. ಕಲತು ಒಯ್ಯಿ."

ವೈಜಿನಾಥಪ್ಪ ಹೆಗಲ ಮೇಲಿನ ವಸ್ತ್ರವನ್ನು ತಲೆಗೆ ಸುತ್ತಿಕೊಂಡು ಹೊರಗೆ ಬಂದ. ರಶೀದನಿಗೆ ಅವನ ಮುಖ ನೋಡುವ ಧೈರ್ಯವಾಗಲಿಲ್ಲ. ಆದರೆ ವೈಜಿನಾಥಪ್ಪನಿಗೆ ನಾಚಿಕೆಯ ಜೊತೆಗೆ ಇನ್ನೊಂದೂ ಆಗಿತ್ತು. ಅದಕ್ಕೆ ಏನೆನ್ನಬೇಕೋ ಅವನಿಗೆ ತಿಳಿಯಲಿಲ್ಲ. ರುಮಾಲು ತನ್ನದಲ್ಲವೆಂದು ಕೊನೆಗೂ ಒಬ್ಬರು ಹೇಳಿದ್ದರು. ತನ್ನದಾಗಬಹುದು ಎಂದವರೂ ಅವರೇ.

ಔರಾದದಲ್ಲಿ ಅನುಸೂಯಾಬಾಯಿ ಅವನ ತಲೆ ನೋಡಿ ಗಾಬರಿಯಾದಳು. ನಡೆದದ್ದನ್ನು ಕೇಳಿ ಇನ್ನೂ ಗಾಬರಿಯಾದಳು.

"ಮತ್ತ ನಾಳಿಗೆ ಮಂದಿ ಕಾಗದಾ ತಗೊಂಡು ಬಂದ್ರ ಏನ್ ಹೇಳ್ತೀರಿ? ನೀವು ಸಾಲಿ ಕಲತೋರೋ ಅಲ್ಲೋ?"

"ಸೋಮವಾರದಿಂದ ಹೋಗ್ತೇನಿ ಅಂತ ಹೇಳ್ತೇನಿ."

"ಈ ವಯಸ್ಸಿನಾಗ ಪಾಟಿ ಹಿಡಕೊಂಡು? ಮೊಮ್ಮಕ್ಕಳನ್ನ ಆಡಿಸೋ ವ್ಯಾಳ್ಯಾ ಬಂತು ನಿಮಗ!" ಎಂದಳು. ಆದರೆ ಸೋಮವಾರ ಬುತ್ತಿ ಕಟ್ಟಿ ಕೊಟ್ಟವಳೂ ಅವಳೇ.

ಅಂದಿನಿಂದ ಅವನು ಭಾಲ್ಕಿಯ ಸಂತೆಗೆ ಎಣ್ಣೆ ಒಯ್ದಾಗಲೆಲ್ಲ ಡಬ್ಬಿ ಇಳಿಸಿ, ಉಸ್ತಾದರ ಅಂಗಳದ ಹೊರಸಿನ ಮೇಲೆ ಕೂರುತ್ತಿದ್ದ. ಬುತ್ತಿ ಅವನದು, ಬೆಲ್ಲ ಕುಲಸುಮಬೀಯದು. ಮೂರನೇ ಪಾಲನ್ನೂ ನಾಲ್ಕನೇ ಪಾಲನ್ನೂ ಕೂಡಿಸುವ ಮುಂಚೆ ಎರಡೂ ಹನ್ನೆರಡನೇ ಪಾಲಾಗಬೇಕು ಎಂದು ಉಸ್ತಾದರು ಹೇಳುತ್ತಿದ್ದರು. ಯಾಕೆ ಆಗಬೇಕೆಂಬುದು ಅವನಿಗೆ ಹೊಳೆಯಲೇ ಒಲ್ಲದು. ಒಂದು ವಾರ ಹೊಳೆದಂತಾಗುತ್ತಿತ್ತು, ಮುಂದಿನ ವಾರ ಬಂಡಿಯ ಗಾಲಿ ಭಾಲ್ಕಿ ಮುಟ್ಟುವಷ್ಟರಲ್ಲಿ ಮರೆತುಹೋಗುತ್ತಿತ್ತು.

ಜೋಳದ ರಾಶಿ ಮುಗಿದ ಮೇಲಿನ ಒಂದು ಸೋಮವಾರ ಅವನು ಪಾಟಿಯ ಮೇಲೆ ಬಹಳ ಹೊತ್ತು ಬರೆದ, ಒರೆಸಿದ, ಮತ್ತೆ ಬರೆದ. ಕುಲಸುಮಬೀ ಬೆಲ್ಲ ತಂದಿಟ್ಟು ನಿಂತೇ ಇದ್ದಳು.

"ಹನ್ನೆರಡನೇ ಏಳು ಪಾಲು ಏನ್ರಿ?" ಎಂದು ವೈಜಿನಾಥಪ್ಪ ಅಂಜುತ್ತ ಕೇಳಿದ.

ಉಸ್ತಾದರು ಮಡಿಸಿಟ್ಟ ರುಮಾಲಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿಕೊಂಡೇ ಅಂದರು, "ನನಗ್ಯಾಕ ಕೇಳ್ತಿ? ಹೌದಂದ್ರ ಹೌದಂತ ನೀನೇ ಹೇಳು."

ವೈಜಿನಾಥಪ್ಪ ಅಂಗೈಯಿಂದ ಪಾಟಿ ಒರೆಸಿ, ಮೊದಲಿನಿಂದ ಲೆಕ್ಕ ಹಾಕಲು ಕೂತ.