ಸಾರು ಬರುವ ಮೊದಲೇ ಗೋವಿಂದ

ವಾಮದಪದವಿನಲ್ಲಿ ಪರಿಚಯದವರೊಬ್ಬರ ಮನೆಯ ಪೂಜೆಗೆ, ಊಟ ಬಡಿಸುವ ಕೆಲಸಕ್ಕೆಂದು ಹೋಗಿದ್ದೆ. ಬಡಿಸಿ ಮುಗಿದು ಒಬ್ಬರು "ಗೋವಿಂದ" ಎಂದು ಕೂಗುವವರೆಗೆ ನಮ್ಮಲ್ಲಿ ಪಂಕ್ತಿಯಲ್ಲಿ ಕೂತ ಯಾರೂ ತುತ್ತೆತ್ತುವುದಿಲ್ಲ. ಆ ದಿನ ಕೂಗಬೇಕಾದವನು ನಾನೇ. ಚಪ್ಪರದೊಳಗೆ ಸೋಸಿ ಬಂದ ಮಧ್ಯಾಹ್ನದ ಬಿಸಿಲಿನಲ್ಲಿ ಧೂಪದ ಹೊಗೆ ಕದಲದೆ ನಿಂತಿತ್ತು. ಸಾರು ಹಿಡಿದು ಬಾಗುತ್ತಾ ಹೋಗುತ್ತಿದ್ದ ನನಗೆ ಬಾಳೆಲೆಗಳು ನೀರಿನ ಮೇಲೆ ತೇಲುವಂತೆ ಕಾಣುತ್ತಿದ್ದವು.

ಪಂಕ್ತಿಯ ನಡುವಿನಲ್ಲಿ ತಾಯಿಯೊಬ್ಬಳು ಮಗಳ ಬಾಯಿಗೆ ಬೆಲ್ಲದ ತುಂಡು ಹಿಡಿದಿದ್ದಳು. ಮಗು ತುಟಿ ಬಿಗಿದು, "ಎಲ್ಲರೂ ನೋಡ್ತಾರಮ್ಮ" ಎಂದಿತು.

"ಇವಳಿಗೆ ಶುಗರ್ ಉಂಟು. ಊಟಕ್ಕೆಂದು ಇನ್ಸುಲಿನ್ ಹಾಕಿ ಆಯ್ತು, ಊಟ ತಡವಾಗಿ ಈಗ ಶುಗರ್ ತೀರಾ ಇಳೀತಾ ಉಂಟು, ಇನ್ನು ಕಾಯ್ಲಿಕ್ಕೆ ಆಗುವುದಿಲ್ಲ," ಎಂದಳು ತಾಯಿ ನನ್ನತ್ತ ನೋಡಿ.

ಪಂಕ್ತಿಯ ಕೊನೆಯಿಂದ ಹಿರಿಯರೊಬ್ಬರು, "ದೇವರ ಕಾರ್ಯದ ದಿನವೂ ಸೂಜಿಯಾ ಮಾರಾಯ್ತಿ? ಒಂದು ದಿನ ಬಿಟ್ಟರೆ ಏನು?" ಎಂದರು.

"ನೀವು ಒಂದು ದಿನ ಉಸಿರಾಡದೆ ಇರ್ತೀರಾ ಮಾವ? ಇವಳಿಗೆ ಇದೂ ಹಾಗೆಯೇ."

ಮಗುವಿನ ಹಣೆಯಲ್ಲಿ ಬೆವರು ಮೂಡಿತ್ತು, ಬೆರಳು ನಡುಗುತ್ತಿತ್ತು. ಅರ್ಧ ಪಂಕ್ತಿಗೆ ಇನ್ನೂ ಸಾರು ತಲುಪಿರಲಿಲ್ಲ. ನಾನು ನಿಂತಲ್ಲೇ "ಗೋವಿಂದ" ಎಂದೆ. ದೂರದ ಯಾವುದೋ ಗುಡ್ಡದಿಂದ ಬಂದ ಹಾಗೆ ಇಡೀ ಚಪ್ಪರ "ಗೋವಿಂದ" ಎಂದಿತು. ಎಲ್ಲರ ಕೈಗಳೂ ಎಲೆಗಿಳಿದವು. ಈಗ ಯಾರೂ ನೋಡುತ್ತಿರಲಿಲ್ಲ. ಮಗು ಬೆಲ್ಲಕ್ಕೆ ಬಾಯಿ ತೆರೆಯಿತು. ನಾನು ಮುಂದಿನ ಎಲೆಗೆ ಹೋಗದೆ, ಮಗುವಿನ ಮುಖಕ್ಕೆ ಕಳೆ ಬರುವವರೆಗೆ ಅಲ್ಲೇ ನಿಂತಿದ್ದೆ.

"ಗೋವಿಂದನೇನೋ ಬಂದ, ಸಾರು ಯಾವಾಗ ಬರ್ತದೆ ಮಾರಾಯ?" ಎಂದರು ಹಿರಿಯರು, ತಮ್ಮ ಎಲೆಯ ಬರೀ ಅನ್ನ ತೋರಿಸಿ.

ಈಗ ನಾನು ಸಾರು ಬಡಿಸುವ ಕಡೆಯೆಲ್ಲ ಅವರು ಮೊದಲ ಎಲೆಯಲ್ಲೇ ಕೂರುತ್ತಾರೆ.